ಗುಹೆಯಲ್ಲಿ ನಾನು ಓದದ ಬೋರ್ಡು

ನಾನು ಓದು ನಿಲ್ಲಿಸಿದ್ದು ೧೯೮೭ರಲ್ಲಿ, ನಾಲ್ಕನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ. ನಮ್ಮೂರಿನ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ಕ್ಲಾಸಿಗೆ. ಆ ಒಂದು ಬೇಸಿಗೆಯ ಅಂತರದಲ್ಲಿ ಎ ಬಿ ಸಿ ಡಿ ನನ್ನ ಕೈತಪ್ಪಿ ಹೋಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಡೆದದ್ದಕ್ಕೆಲ್ಲ ಇದೇ ಮೂಲ.

ನಮ್ಮಪ್ಪ ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಬಾವಿ ತೋಡುವ, ಹಳೆಯ ಬಾವಿಗಳ ಹೂಳು ತೆಗೆಯುವ ಕೆಲಸ ಮಾಡುತ್ತಿದ್ದರು. ಅವರ ಭುಜಕ್ಕೆ ಪೆಟ್ಟಾಗಿ ಕೆಸರಿನ ಬುಟ್ಟಿ ಎಳೆಯಲು ಇನ್ನೆರಡು ಕೈ ಬೇಕಾದಾಗ ನನ್ನನ್ನು ಶಾಲೆ ಬಿಡಿಸಿದರು. ಆ ಕೆಲಸದಲ್ಲಿ ಎರಡು ಕಟ್ಟುಪಾಡುಗಳಿದ್ದವು. ಒಂದು, ಹಳೆಯ ಬಾವಿಗೆ ಮನುಷ್ಯ ಇಳಿಯುವ ಮೊದಲು ಹತ್ತಿಸಿದ ಬುಡ್ಡಿ ದೀಪವನ್ನು ದಾರಕ್ಕೆ ಕಟ್ಟಿ ಇಳಿಬಿಡಬೇಕು. ತಳದಲ್ಲಿ ದೀಪ ಆರಿದರೆ ಗಾಳಿ ಕೆಟ್ಟಿದೆ ಎಂದರ್ಥ. ಹೊಂಗೆ ಸೊಪ್ಪಿನ ಹೊರೆ ಇಳಿಸಿ, ಮೇಲಕ್ಕೂ ಕೆಳಕ್ಕೂ ಆಡಿಸಿ ಗಾಳಿ ಕಲಕಿ, ಮತ್ತೆ ದೀಪ ಬಿಟ್ಟು ನೋಡುತ್ತಿದ್ದರು. ಇನ್ನೊಂದು, ಇಳಿಯುವವನ ಸೊಂಟದ ಹಗ್ಗವನ್ನು ಅವನ ಹೆಂಡತಿಯ ತಮ್ಮನೇ ಹಿಡಿಯಬೇಕು. ಅಪ್ಪ ತಮ್ಮ ಸ್ವಂತ ಅಣ್ಣತಮ್ಮಂದಿರ ಕೈಗೆ ಒಂದು ದಿನವೂ ಹಗ್ಗ ಕೊಟ್ಟವರಲ್ಲ. "ಅಣ್ತಮ್ಮಂದ್ರಿಗೆ ಪಾಲಿನ ಯೋಚ್ನೆ ಇರ್ತದೆ ಕಣ್ಲಾ. ಬಾಮೈದಂಗೆ ಅಕ್ಕನ ತಾಳಿ ಯೋಚ್ನೆ" ಎನ್ನುತ್ತಿದ್ದರು. ನಮ್ಮ ಸೋದರಮಾವ ಹಗ್ಗ ಹಿಡಿದರೆ ಬೀಡಿ ಸೇದುತ್ತಿರಲಿಲ್ಲ, ಯಾರು ಕರೆದರೂ ತಿರುಗಿ ನೋಡುತ್ತಿರಲಿಲ್ಲ.

ಬಾವಿಗಳು ಬತ್ತಿ ಬೋರ್‌ವೆಲ್ ಬಂದ ಮೇಲೆ ನಾನು ಪಂಪ್‌ಸೆಟ್ ರಿಪೇರಿ ಕಲಿತೆ. ಈಗ ಮದ್ದೂರಿನಲ್ಲಿ ನನ್ನದೇ ಮೋಟರು ರಿವೈಂಡಿಂಗ್ ಅಂಗಡಿ ಇದೆ. ಸುಟ್ಟ ಮೋಟರನ್ನು ಮೂಸಿ ನೋಡಿಯೇ ಯಾವ ಕಾಯಿಲ್ ಹೋಗಿದೆ ಎಂದು ಹೇಳಬಲ್ಲೆ. ಮೋಟರಿನ ತಗಡಿನ ಮೇಲೆ ಇಂಗ್ಲಿಷಿನಲ್ಲಿ ಏನೇ ಬರೆದಿರಲಿ, ಅಂಕಿ ನೋಡಿ ತಿಳಿದುಕೊಳ್ಳುತ್ತಿದ್ದೆ. ಬ್ಯಾಂಕಿನಲ್ಲಿ ಫಾರಂ ಕೊಟ್ಟರೆ "ಕನ್ನಡಕ ಮನೇಲಿ ಬುಟ್ಬಂದೆ, ನೀವೇ ತುಂಬಿ" ಎನ್ನುತ್ತಿದ್ದೆ. ನಿಜಕ್ಕೂ ನನಗೆ ಕನ್ನಡಕವೇ ಇಲ್ಲ. ಮಾಡುವ ಕೆಲಸಕ್ಕೆ ಯಾರ ಮುಂದೆಯೂ ತಲೆ ತಗ್ಗಿಸದ ನಾನು, ಈ ಒಂದು ಸಂಗತಿಯನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ನನ್ನ ಹೆಂಡತಿ ಮಂಜುಳಳ ತವರು ವೈದ್ಯನಾಥಪುರ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಅವಳ ತವರೆಂದರೆ ಅವಳ ಒಬ್ಬನೇ ತಮ್ಮ ಗಿರೀಶ. ಮಂಡ್ಯದ ಒಂದು ಕಾಲೇಜಿನಲ್ಲಿ ಭೂಗೋಳದ ಮೇಷ್ಟ್ರು. ಯಾವ ಕೆಲಸವಿದ್ದರೂ ಗೌರಿ ಹಬ್ಬದ ದಿನ ಅಕ್ಕನಿಗೆ ಬಾಗಿನ ತರುವುದನ್ನು ತಪ್ಪಿಸಿದವನಲ್ಲ. ಅವನಿಗೆ ಬೆಟ್ಟ ಹತ್ತುವ ಹುಚ್ಚು. ೨೦೨೪ರ ಫೆಬ್ರವರಿಯಲ್ಲಿ ಲಾವೋಸ್ ದೇಶಕ್ಕೆ ಹೋಗಿ ಬೆಟ್ಟ, ಗುಹೆ ನೋಡಿಬರಲು ಗೆಳೆಯನ ಜೊತೆ ಟಿಕೆಟ್ ಮಾಡಿಸಿದ್ದ. ಹೊರಡಲು ತಿಂಗಳಿರುವಾಗ ಗೆಳೆಯ ಕೈಕೊಟ್ಟ. ಒಬ್ಬನೇ ಹೋಗುತ್ತೇನೆಂದು ಗಿರೀಶ ಹಟ ಹಿಡಿದ.

"ನೀವೂ ಓಗಿ ಜೊತೇಲಿ. ಅವನೊಬ್ನೇ ಓದ್ರೆ ನಂಗೆ ಕಣ್ಣಿಗೆ ನಿದ್ದೆ ಬರಾಕಿಲ್ಲ" ಎಂದಳು ಮಂಜುಳ.

"ನಾನ್ಯಾಕೆ ಅಲ್ಲಿಗೆ? ಅಂಗ್ಡಿ ಯಾರ್ ನೋಡ್ತಾರೆ?"

"ಅಂಗ್ಡಿ ಎಲ್ಲೂ ಓಗಲ್ಲ. ಇರೋನು ಒಬ್ಬ ತಮ್ಮ. ನೀವು ಜೊತೇಲಿದ್ರೆ ನಂಗೆ ಧೈರ್ಯ."

ಮೆಕ್ಕಾದಿಂದ ಮಸ್ಕತ್ತಿನವರೆಗೆ ದುಡಿಯಲು ಹೋದವರನ್ನು ನೋಡಿದ್ದೆ. ಬೆನ್ನಿಗೆ ಚೀಲ ಹಾಕಿಕೊಂಡು ಸುಮ್ಮನೆ ನಡೆಯಲು ಹೊರದೇಶಕ್ಕೆ ಹೋಗುವವನನ್ನು ನಮ್ಮ ಬೀದಿಯಲ್ಲಿ ಯಾರೂ ನೋಡಿರಲಿಲ್ಲ. ಪಾಸ್‌ಪೋರ್ಟು ಹಿಂದೆಯೇ ಮಾಡಿಸಿಟ್ಟಿದ್ದೆ, ಯಾವಾಗಲೋ ಯಾರೋ ಕುವೈತಿನ ಕೆಲಸದ ಆಸೆ ಹುಟ್ಟಿಸಿದ್ದರು. ಮಂಜುಳ ಹುರಿಹಿಟ್ಟು, ಚಟ್ನಿಪುಡಿ ಕಟ್ಟಿಕೊಟ್ಟಳು. ಬ್ಯಾಂಕಾಕಿಗೆ ವಿಮಾನ, ಅಲ್ಲಿಂದ ಗಡಿಯವರೆಗೆ ರೈಲು, ಆಮೇಲೆ ಬಸ್ಸು. ಎಲ್ಲ ಕಡೆಯೂ ಫಾರಂಗಳು. "ನೀನೇ ತುಂಬ್ಲಾ ಗಿರಿ, ನನ್ ಅಕ್ಷರ ಕಾಗೆ ಕಾಲು" ಎಂದು ಅವನ ಕೈಗೆ ದಾಟಿಸುತ್ತಿದ್ದೆ. ಅವನು ಏನೂ ಅಂದುಕೊಳ್ಳದೆ ತುಂಬುತ್ತಿದ್ದ. ಬಸ್ ನಿಲ್ದಾಣದ ಅಂಗಡಿಯಲ್ಲಿ ಸಿಗರೇಟು ಹಚ್ಚಲು ಒಂದು ಕೆಂಪು ಲೈಟರು ಕೊಂಡೆ.

ಮೂರು ದಿನ ಬೆಟ್ಟ ಸುತ್ತಿದೆವು. ನಾಲ್ಕನೇ ದಿನ ಒಂದು ಸಣ್ಣ ಹಳ್ಳಿಯಿಂದ ಗುಹೆಗೆ ಹೊರಟೆವು. ದಾರಿ ತೋರಿಸಲು ಬಂದವರು ಖಾಮ್ ಎಂಬ ಐವತ್ತು ದಾಟಿದ ರೈತ. ಅವರಿಗೆ ಇಂಗ್ಲಿಷ್ ನಾಲ್ಕೈದು ಮಾತು ಬರುತ್ತಿತ್ತು, ನನಗೆ ಅಷ್ಟೂ ಇಲ್ಲ. ಆದರೂ ನಾವಿಬ್ಬರೇ ಹೆಚ್ಚು ಮಾತಾಡಿಕೊಂಡೆವು. ಕೊಯ್ದ ಗದ್ದೆಯ ಕೂಳೆ ಕಿತ್ತು ತೋರಿಸಿದೆ, ನಮ್ಮಲ್ಲೂ ಹೀಗೆಯೇ ಎಂದು. ಅವರು ನನ್ನ ಅಂಗೈ ತಿರುಗಿಸಿ ಕಾಯಿಗಟ್ಟಿದ ಜಾಗ ಮುಟ್ಟಿ ತಲೆಯಾಡಿಸಿದರು.

ಸುಣ್ಣಕಲ್ಲಿನ ಬೆಟ್ಟದ ಕೆಳಗೆ ಒಂದು ಹಳ್ಳ ದಾಟಬೇಕಿತ್ತು. ಪಾಚಿಯ ಮೇಲೆ ಗಿರೀಶನ ಕಾಲು ಜಾರಿ ಮುಗ್ಗರಿಸಿದ. ಎದ್ದಾಗ ಮುಖದ ಮೇಲೆ ಕನ್ನಡಕ ಇರಲಿಲ್ಲ. ಮೂವರೂ ಹುಡುಕಿದೆವು. ನೀರು ಸೆಳೆದುಕೊಂಡು ಹೋಗಿತ್ತು.

"ಇನ್ನೊಂದು ಜೊತೆ ರೂಮಲ್ಲಿದೆ ಭಾವ. ಸದ್ಯಕ್ಕೆ ನಾನು ಅರೆಗುರುಡ" ಎಂದು ನಕ್ಕ.

"ನನ್ ಭುಜ ಹಿಡ್ಕಂಡ್ ಬಾ ಮೇಷ್ಟ್ರೇ. ನನ್ ಕಣ್ಣು ಹದ್ದಿನ ಕಣ್ಣು. ಈ ವಯಸ್ಸಲ್ಲೂ ಕೂದಲಿನಂಥ ತಂತಿ ಸುತ್ತೋನು ನಾನು" ಎಂದೆ.

ಆ ಮಾತು ಬೇಕಿರಲಿಲ್ಲ.

ಗುಹೆಯೊಳಗೆ ಎರಡು ಗಂಟೆ ಇದ್ದೆವು. ಹಣೆಗೆ ಬ್ಯಾಟರಿ ದೀಪ ಕಟ್ಟಿಕೊಂಡು, ಕೆಲವು ಕಡೆ ನಡೆದು, ಕೆಲವು ಕಡೆ ಹೊಟ್ಟೆ ಮೇಲೆ ತೆವಳಿ ಹೋದೆವು. ತೆವಳುವಾಗ ಗಿರೀಶನ ಉಸಿರು ಬಿಗಿಯಾಗುತ್ತಿತ್ತು. ನನಗೆ ಮಾತ್ರ ಹಳೆಯ ಮನೆಗೆ ವಾಪಸು ಬಂದಂತಿತ್ತು. ಮಣ್ಣಿನ ತಂಪು, ಕಲ್ಲಿನಿಂದ ನೀರು ತೊಟ್ಟಿಕ್ಕುವ ಸದ್ದು, ನಮ್ಮ ಮಾತೇ ನಮಗೆ ವಾಪಸು ಬರುವುದು. ಮೂವತ್ತು ವರ್ಷದ ಮೇಲೆ ಅಪ್ಪನ ಬೆವರಿನ ವಾಸನೆ ನೆನಪಾಯಿತು. ದೊಡ್ಡ ಹಜಾರದಂಥ ಜಾಗದಲ್ಲಿ ಮೇಲಿಂದ ಇಳಿದ ಕಲ್ಲಿನ ಜಡೆಗಳು, ಕೆಳಗಿಂದ ಎದ್ದ ಕಲ್ಲಿನ ಕಂಬಗಳು. ಮೂವರೂ ದೀಪ ಆರಿಸಿ ಸ್ವಲ್ಪ ಹೊತ್ತು ಕತ್ತಲಲ್ಲಿ ಕೂತೆವು.

ವಾಪಸು ಗುಹೆಯ ಬಾಯಿಯ ಹತ್ತಿರ ಬಂದಾಗ ಖಾಮ್ ತಮ್ಮ ಹಗ್ಗದ ಸುರುಳಿಯನ್ನು ಅಲ್ಲೇ ಇಟ್ಟು, ಕೂತಿರಿ ಎಂದು ಸನ್ನೆ ಮಾಡಿ, ಅನ್ನದ ಬುಟ್ಟಿ ಬಿಚ್ಚಲು ಹೊರಗೆ ಹೋದರು. ಹಗಲಿನ ಬೆಳಕು ಅಲ್ಲಿಯವರೆಗೆ ಮಬ್ಬಾಗಿ ಬರುತ್ತಿತ್ತು. ಎಡಕ್ಕೆ ಒಂದು ಸಂದು. ಇಣುಕಿದರೆ, ನಮ್ಮ ಕಡೆಯ ಬಾವಿಯಷ್ಟೇ ಅಗಲದ ಗುಂಡಿ, ಇಪ್ಪತ್ತು ಅಡಿ ಆಳ ಇರಬಹುದು. ಒಳಗೆ ಬಿದಿರಿನ ಹಳೆಯ ಏಣಿ ಇಳಿದಿತ್ತು. ತಳದಲ್ಲಿ ಹೂಕೋಸಿನಂತೆ ಅರಳಿದ ಬಿಳಿ ಕಲ್ಲು ನಮ್ಮ ದೀಪಕ್ಕೆ ಮಿನುಗಿತು.

"ಭಾವ, ನೋಡಿ ಅಲ್ಲಿ! ಹದಿನಾಲ್ಕು ವರ್ಷದಿಂದ ಇದನ್ನ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸ್ತಿದ್ದೀನಿ. ಒಂದು ಫೋಟೋ ತಗೊಂಡು ಬಂದ್ಬಿಡ್ತೀನಿ" ಎಂದ ಗಿರೀಶ.

"ಕಣ್ಣೇ ಕಾಣಲ್ಲ ಅಂತೀಯ."

"ಫೋನಿಗೆ ಕಾಣುತ್ತಲ್ಲ!"

ಗುಂಡಿಯ ಮೇಲೆ, ಕೈಗೆ ಎಟುಕದ ಎತ್ತರದಲ್ಲಿ ಬಂಡೆಗೆ ಒಂದು ಮರದ ಹಲಗೆ ಹೊಡೆದಿದ್ದರು. ಮೇಲೆ ಅವರ ಭಾಷೆಯ ಎರಡು ಸಾಲು, ಕೆಳಗೆ ಇಂಗ್ಲಿಷಿನ ಒಂದು ಸಾಲು. ತಲೆಬುರುಡೆಯ ಚಿತ್ರ ಇರಲಿಲ್ಲ. ಇದ್ದಿದ್ದರೆ ಟ್ರಾನ್ಸ್‌ಫಾರ್ಮರಿನ ಮೇಲೆ ದಿನಾ ನೋಡುವ ನನಗೆ ತಿಳಿಯುತ್ತಿತ್ತು. ಗಿರೀಶ ಕಣ್ಣು ಕಿರಿದು ಮಾಡಿ ನೋಡಿದ.

"ಏನೋ ಬರೆದಿದ್ದಾರೆ. ಏನದು ಭಾವ, ಓದಿ."

ಕನ್ನಡಕ ಬಿಟ್ಟು ಬಂದೆ ಎನ್ನುವ ಹಾಗಿರಲಿಲ್ಲ. ಹದ್ದಿನ ಕಣ್ಣು ಎಂದು ಕೊಚ್ಚಿಕೊಂಡು ಮೂರು ಗಂಟೆಯೂ ಆಗಿರಲಿಲ್ಲ. ನಾನು ಅಕ್ಷರಗಳ ಮೇಲೆ ನಿಧಾನವಾಗಿ ಕಣ್ಣಾಡಿಸಿದೆ, ಓದುವವರು ಮಾಡುವಂತೆ ತುಟಿಯನ್ನೂ ಅಲುಗಿಸಿದೆ.

"ಉಷಾರಾಗಿ ಇಳೀರಿ ಅಂತ ಬರ್ದವ್ರೆ" ಎಂದೆ.

ನನಗೆ ನಾನೇ ಸಮಾಧಾನ ಹೇಳಿಕೊಂಡದ್ದೂ ಉಂಟು. ಏಣಿ ಇದೆ, ಬೋರ್ಡು ಹಾಕಿದ್ದಾರೆ, ಅಂದರೆ ಜನ ಇಳಿಯುತ್ತಾರೆ ಎಂದೇ ತಾನೇ? ಅಪ್ಪನ ಬುಡ್ಡಿ ದೀಪ ಆಗಲೂ ನೆನಪಿಗೆ ಬಂತು. ಆದರೆ ಮೇಷ್ಟ್ರ ಮುಂದೆ, ಹೊರದೇಶದಲ್ಲಿ, ದೀಪ ಇಳಿಬಿಟ್ಟು ನೋಡೋಣ ಎಂದರೆ ಹಳ್ಳಿ ಗಮಾರನಂತೆ ಕಾಣುತ್ತೇನೆ ಎಂದು ಸುಮ್ಮನಾದೆ. ಗಿರೀಶ ನನ್ನನ್ನು ಆ ಬೋರ್ಡಿನ ಕೆಳಗೇ ನಿಲ್ಲಿಸಿ ಒಂದು ಫೋಟೋ ಹೊಡೆದ. ಸೊಂಟಕ್ಕೆ ಕೈ ಕೊಟ್ಟು ನಿಂತೆ.

ಒಂದು ಕೆಲಸವನ್ನು ಮಾತ್ರ ಕೈ ತಾನಾಗಿ ಮಾಡಿತು. ಖಾಮ್ ಇಟ್ಟುಹೋಗಿದ್ದ ಹಗ್ಗ ತಂದು, ಅವನ ತೊಡೆ ಸಂದಿನಿಂದ ಎದೆಗೆ ತಂದು, ಅಪ್ಪ ಕಲಿಸಿದ ಗಂಟು ಹಾಕಿದೆ.

"ಇಷ್ಟಕ್ಕೆ ಹಗ್ಗ ಯಾಕೆ ಭಾವ, ಏಣಿ ಇದೆಯಲ್ಲ."

"ನಿಮ್ಮಕ್ಕಂಗೆ ಮಾತು ಕೊಟ್ಟಿವ್ನಿ. ಮುಚ್ಕಂಡ್ ಇಳಿ" ಎಂದು ಹಗ್ಗವನ್ನು ಒಂದು ಕಲ್ಲಿನ ಕಂಬಕ್ಕೆ ಒಂದು ಸುತ್ತು ಹಾಕಿ ಹಿಡಿದೆ.

ಅವನು ಇಳಿದ. "ಅಬ್ಬಾ, ಏನ್ ಚೆಂದ ಇದೆ ಭಾವ" ಎಂದ. ಫೋನಿನ ಬೆಳಕು ಎರಡು ಸಲ ಮಿಂಚಿತು. ಆಮೇಲೆ, "ಯಾಕೋ ಬೆಟ್ಟ ಹತ್ತಿದ ಹಾಗೆ ಏದುಸಿರು ಬರ್ತಿದೆ" ಎಂದ. ಒಂದು ನಿಮಿಷ ಬಿಟ್ಟು ಇನ್ನೇನೋ ಹೇಳಿದ. ಮಾತು ಕುಡಿದವನ ಮಾತಿನಂತೆ ತೊದಲಿತು.

"ಏನ್ಲಾ? ಗಿರಿ? ಏನಂದೆ?"

ಇಣುಕಿದೆ. ಏಣಿಯ ಬುಡದಲ್ಲಿ ಒಂದು ಕೈ ಏಣಿಗೆ ಹಾಕಿಕೊಂಡು ಮಂಡಿಯೂರಿ ಕೂತಿದ್ದ. ಅವನ ಹಣೆಯ ದೀಪ ಮಾತ್ರ ಚೆನ್ನಾಗಿ ಉರಿಯುತ್ತಿತ್ತು. ಆ ದೀಪಕ್ಕೆ ಗಾಳಿ ಬೇಡ. ಗಾಳಿ ಇರಲಿ ಬಿಡಲಿ ಅದು ಉರಿಯುತ್ತಲೇ ಇರುತ್ತದೆ.

ಜೇಬಿಗೆ ಕೈ ಹಾಕಿದೆ. ಗುಹೆಗೆ ಬರುವ ಮೊದಲು ಹಳ್ಳಿಯಲ್ಲಿ ಕೊಟ್ಟಿದ್ದ ಇಂಗ್ಲಿಷ್ ಅಚ್ಚಿನ ಒಂದು ಕಾಗದ ಸಿಕ್ಕಿತು. ಅದನ್ನೂ ನಾನು ಓದಿದಂತೆ ಮಾಡಿ ಮಡಚಿಟ್ಟಿದ್ದೆ. ಉಂಡೆ ಮಾಡಿ, ಲೈಟರಿನಿಂದ ಹಚ್ಚಿ ಗುಂಡಿಗೆ ಬಿಟ್ಟೆ. ಚೆನ್ನಾಗಿ ಉರಿಯುತ್ತ ಇಳಿದ ಕಾಗದ ಅರ್ಧ ದಾರಿಯಲ್ಲಿ, ನೀರಿಗೆ ಅದ್ದಿದಂತೆ ಆರಿಹೋಯಿತು.

ಇಳಿದುಬಿಡೋಣ ಎಂದು ಕಾಲು ಏಣಿಯ ಮೇಲಿಟ್ಟೆ. ಇಟ್ಟದ್ದು ನಿಜ. ಆದರೆ ಇಂಥ ಬಾವಿಗಳಲ್ಲಿ ಒಬ್ಬನನ್ನು ಎತ್ತಲು ಇಳಿದ ಇನ್ನೊಬ್ಬ, ಅವನನ್ನು ಎತ್ತಲು ಇಳಿದ ಮತ್ತೊಬ್ಬ, ಹೀಗೆ ಸಾಲಾಗಿ ಮಲಗಿದವರ ಕಥೆ ನಾನು ಕೇಳಿ ಬೆಳೆದವನು. ಕಾಲು ತೆಗೆದೆ. ಬಂಡೆಗೆ ಎರಡೂ ಪಾದ ಒತ್ತಿಕೊಟ್ಟು ಕೂತು ಹಗ್ಗ ಎಳೆಯತೊಡಗಿದೆ. "ಖಾಮ್! ಖಾಮ್!" ಎಂದು ಕಿರುಚಿದೆ. "ಏಳ್ಲಾ ಗಿರಿ, ಏಣಿ ಇಡ್ಕಳ್ಲಾ, ನಿಮ್ಮಕ್ಕಂಗೆ ಏನ್ ಏಳ್ಲಿ ನಾನು, ಏಳ್ಲಾ" ಎಂದು ಬೈದೆ, ಬೇಡಿಕೊಂಡೆ. ಮೊದಲು ಅವನೂ ಅಷ್ಟಿಷ್ಟು ಕಾಲೂರಿರಬೇಕು, ಹಗುರ ಅನ್ನಿಸಿತು. ಆಮೇಲೆ ಪೂರಾ ಭಾರ ನನ್ನ ಮೇಲೆ ಬಿತ್ತು. ಹಗ್ಗ ಅಂಗೈಯಲ್ಲಿ ಒಂದು ಗೇಣು ಜಾರಿ ಚರ್ಮ ಕಿತ್ತುಕೊಂಡು ಹೋಯಿತು. ಕಂಬಕ್ಕೆ ಹಾಕಿದ ಆ ಒಂದು ಸುತ್ತು ಇಲ್ಲದಿದ್ದರೆ ಕೈ ಬಿಟ್ಟುಹೋಗುತ್ತಿತ್ತು.

ನಮ್ಮಪ್ಪನ ಹಗ್ಗ ಹಿಡಿದ ಮಾವನಿಗೆ ಅಕ್ಕನ ತಾಳಿ ಕಾಣುತ್ತಿತ್ತಂತೆ. ಇಲ್ಲಿ ಎಲ್ಲ ತಿರುವುಮುರುವಾಗಿತ್ತು. ಮೇಲಿದ್ದವನು ಭಾವ, ಕೆಳಗಿದ್ದವನು ಬಾಮೈದ. ನನಗೆ ಕಂಡದ್ದು ಮೊರದ ಬಾಗಿನ ಹಿಡಿದು ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಡುವ ಗಿರೀಶ. ನನ್ನ ಹೆಂಡತಿಯ ಇಡೀ ತವರು ಆ ಹಗ್ಗದ ತುದಿಯಲ್ಲಿ ತೂಗುತ್ತಿತ್ತು. ಅದನ್ನು ಅಲ್ಲಿಗೆ ಇಳಿಸಿದವನು ನಾನೇ.

ಖಾಮ್ ಓಡಿಬಂದರು. ನನ್ನ ಹಿಂದೆ ಕೂತು ಹಗ್ಗ ಹಿಡಿದರು. ಇಬ್ಬರೂ ಒಂದೇ ಲಯದಲ್ಲಿ ಎಳೆದೆವು. ಗಿರೀಶನ ತಲೆ ಮೇಲೆ ಬಂದಾಗ ಕಂಕುಳಿಗೆ ಕೈ ಹಾಕಿ ಎತ್ತಿ, ಹೊತ್ತುಕೊಂಡು ಹೊರಗೆ ಬಿಸಿಲಿಗೆ ತಂದು ಮಲಗಿಸಿದೆವು. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಎಷ್ಟು ಹೊತ್ತೋ ಗೊತ್ತಿಲ್ಲ. ಒಂದು ದೊಡ್ಡ ಉಸಿರು ಎಳೆದುಕೊಂಡು, ಪಕ್ಕಕ್ಕೆ ತಿರುಗಿ ವಾಂತಿ ಮಾಡಿದ. ಕಣ್ಣು ಬಿಟ್ಟ. "ತಲೆ ಸಿಡೀತಿದೆ ಭಾವ" ಎಂದ.

ಖಾಮ್ ನನ್ನ ಅಂಗೈಗೆ ನೀರು ಹಾಕಿ ತಮ್ಮ ಟವೆಲ್ಲು ಕಟ್ಟಿದರು. ಕಟ್ಟುತ್ತ ಗುಹೆಯ ಕಡೆ ಬೆರಳು ಮಾಡಿ, ಗಾಳಿಯಲ್ಲಿ ಚೌಕ ಬರೆದು ತೋರಿಸಿ, ನನ್ನ ಕಣ್ಣು ತೋರಿಸಿದರು. ಬೋರ್ಡು ನೋಡಲಿಲ್ಲವೇ ಎಂದು ಕೇಳುತ್ತಿದ್ದರು. ನಾನು ಮುಖ ತಿರುಗಿಸಿದೆ.

ಸಂಜೆ ರೂಮಿನಲ್ಲಿ ಗಿರೀಶ ಇನ್ನೊಂದು ಕನ್ನಡಕ ಹಾಕಿಕೊಂಡು ಫೋನಿನ ಫೋಟೋಗಳನ್ನು ಒಂದೊಂದಾಗಿ ಸರಿಸುತ್ತಿದ್ದ. ಒಂದು ಕಡೆ ಬೆರಳು ನಿಂತಿತು. ಎರಡು ಬೆರಳಿಟ್ಟು ಹಿಗ್ಗಿಸಿದ. ತುಂಬ ಹೊತ್ತು ನೋಡಿದ. ನಾನು ಗೋಡೆಗೆ ತಿರುಗಿ ನಿದ್ದೆ ಬಂದವನಂತೆ ಮಲಗಿದೆ. ಅವನು ಏನೂ ಕೇಳಲಿಲ್ಲ. ಮಾರನೆಯ ದಿನವೂ ಕೇಳಲಿಲ್ಲ. ವಾಪಸು ಬರುವಾಗ ಗಡಿಯಲ್ಲಿ ನಾನು ಕೇಳುವ ಮೊದಲೇ ನನ್ನ ಫಾರಂ ತುಂಬಿಟ್ಟಿದ್ದ.

ಊರಿಗೆ ಬಂದ ಮೇಲೆ ಅವನೇ ಎಲ್ಲರಿಗೂ ಹೇಳಿದ. ಭಾವ ಇಲ್ಲದಿದ್ದರೆ ನಾನಿಲ್ಲ, ಹಗ್ಗ ಕಟ್ಟದೆ ಇಳಿಯಲು ಬಿಡಲಿಲ್ಲ, ಕೈ ಸುಲಿದರೂ ಬಿಡಲಿಲ್ಲ. ಟೀ ಅಂಗಡಿಯಲ್ಲಿ "ಸಿದ್ರಾಜು ಬಾಮೈದನ್ನ ಪಾತಾಳದಿಂದ ಎಳ್ಕಂಡ್ ಬಂದವ್ನೆ ಕಣ್ಲಾ" ಎಂದು ಮಾತಾಡಿಕೊಂಡರು. ಕೈ ತೋರಿಸು ಎಂದು ಅಂಗಡಿಗೇ ಬಂದರು. ಮಂಜುಳ ರಾತ್ರಿ ಊಟಕ್ಕೆ ಇಕ್ಕುವಾಗ ಒಂದು ಸೌಟು ತುಪ್ಪ ಹೆಚ್ಚಿಗೆ ಹಾಕಿದಳು. ಏಳು ತಿಂಗಳು ಹೀಗೆಯೇ ಹೊಗಳಿಸಿಕೊಂಡೆ. ಪ್ರತಿ ಹೊಗಳಿಕೆಗೂ ಒಳಗೆ ಒಂದು ಚೂರು ಕೊಳೆಯುತ್ತಿತ್ತು.

ಆ ವರ್ಷ ಗೌರಿ ಹಬ್ಬಕ್ಕೆ ಗಿರೀಶ ಎಂದಿನಂತೆ ಬಾಗಿನ ತಂದ. ಮೊರವನ್ನು ಅಕ್ಕನ ಮುಂದಿಟ್ಟು, "ಭಾವ, ನಾಳೆ ಗಣೇಶನ ಪೆಂಡಾಲಲ್ಲಿ ನಮ್ಮೂರ ಹುಡುಗರು ನಿಮಗೆ ಶಾಲು ಹೊದಿಸ್ತಾರಂತೆ. ಬರಲೇಬೇಕು" ಎಂದ.

"ಬ್ಯಾಡ" ಎಂದೆ.

"ಓಗಿ, ಯಾಕ್ ಬ್ಯಾಡ ಅಂತೀರಿ" ಎಂದಳು ಮಂಜುಳ.

ನಾನು ಗಿರೀಶನನ್ನೇ ನೋಡಿದೆ. "ಆ ಬೋರ್ಡಲ್ಲಿ ಏನ್ ಬರ್ದಿತ್ತು ಅಂತ ನಿಮ್ಮಕ್ಕಂಗೆ ಏಳು."

ಅವನು ಮೊರದಲ್ಲಿದ್ದ ಬಳೆ ಸರಿ ಮಾಡುತ್ತ, "ಯಾವ ಬೋರ್ಡು ಭಾವ? ಅಲ್ಲಿ ಬೋರ್ಡೇ ಇರಲಿಲ್ಲವಲ್ಲ" ಎಂದ.

"ಫೋಟೋ ತೆಗಿ."

"ಆ ಫೋಟೋ ಇಲ್ಲ. ಅಳಿಸಿಹಾಕಿದೆ."

"ಯಾವಾಗ?"

"ಅವತ್ತು ಸಂಜೆಯೇ" ಎಂದು ತಲೆ ತಗ್ಗಿಸಿದ.

ಅಲ್ಲೇ ಕೂತು, ಅಕ್ಕ ತಮ್ಮ ಇಬ್ಬರಿಗೂ ಇದ್ದದ್ದನ್ನು ಇದ್ದಂತೆ ಹೇಳಿದೆ. ಅಲ್ಲಿ ಬೋರ್ಡು ಇತ್ತು. ಓದಿ ಎಂದು ಗಿರಿ ಕೇಳಿದ. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಬರುವವನಂತೆ ಆಡಿದೆ. ಅಷ್ಟು ಹೇಳಿ, "ಏನ್ ಬರ್ದಿತ್ತೋ ನಂಗೆ ಇವತ್ತಿಗೂ ಗೊತ್ತಿಲ್ಲ" ಎಂದೆ.

ಗಿರೀಶ ಮೆಲ್ಲಗೆ ಹೇಳಿದ: "ಕೆಳಗೆ ಗಾಳಿ ಕೆಟ್ಟಿದೆ, ಇಳಿಯಬೇಡಿ ಅಂತ."

ಮಂಜುಳ ಮೊದಲು ತಮ್ಮನ ಮುಖ ನೋಡಿದಳು. ಆಮೇಲೆ ಹೇಳಿದಳು: "ನಿಮಗೆ ಇಂಗ್ಲಿಸ್ ಬರಲ್ಲ ಅಂತ ಮದ್ವೆಯಾದ ವರ್ಷವೇ ನಂಗೆ ಗೊತ್ತು. ಮಾತ್ರೆ ಚೀಟಿ ತಂದ್ರೆ ಯಾವ್ದು ಬೆಳಗ್ಗೆ ಯಾವ್ದು ರಾತ್ರಿ ಅಂತ ನನ್ ಕೈಲೇ ನೋಡುಸ್ತಿದ್ರಿ. ಬರದೆ ಇದ್ರೆ ಬರಲ್ಲ, ಅದ್ರಲ್ಲಿ ಏನೈತೆ? ಬರಲ್ಲ ಅನ್ನೋ ಒಂದ್ ಮಾತು ನಿಮ್ ಬಾಯಿಂದ ಬರ್ಲಿಲ್ವಲ್ಲ. ನನ್ ತಮ್ಮ ಅಲ್ಲೇ ಮಲಗಿಬಿಡ್ತಿದ್ನಲ್ಲ."

ಬಾಗಿನದ ಮೊರ ಎತ್ತಿಕೊಂಡು ಒಳಗೆ ಹೋದಳು. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನು ಅದಕ್ಕೆ ತಕ್ಕವನೇ. ಶಾಲು ಹೊದಿಸಿಕೊಳ್ಳಲು ಹೋಗಲಿಲ್ಲ.

ಮುಂದಿನ ಭಾನುವಾರ ಗಿರೀಶ ಅಂಗಡಿಗೆ ಬಂದ. ನಾನು ಮೋಟರಿನ ಲೆಕ್ಕ ಬರೆಯುವ ಕರಿಹಲಗೆಯ ಮೂಲೆಯಲ್ಲಿ ಸೀಮೆಸುಣ್ಣದಿಂದ ಒಂದು ಅಕ್ಷರ ಬರೆದು, "ಇದು ಎ. ನಿಲ್ಲಿಸಿದ ಏಣಿ ತರಾನೇ ಇದೆ ನೋಡಿ ಭಾವ" ಎಂದ. ಗಿರಾಕಿಗಳು ನೋಡುತ್ತಿದ್ದರು. ನನ್ನ ಕಿವಿ ಬಿಸಿಯಾಯಿತು. ಆದರೂ ಅವರ ಮುಂದೆಯೇ ಅದರ ಕೆಳಗೆ ಇನ್ನೊಂದು ಬರೆದೆ.

ಅಂಗೈಯ ಗಾಯ ಮಾಯ್ದಿದೆ, ಗುರುತು ಉಳಿದಿದೆ. ಚಳಿ ಬಿದ್ದಾಗ ಅಲ್ಲಿ ಈಗಲೂ ಜುಮ್ಮೆನ್ನುತ್ತದೆ. ಹಗ್ಗ ಒಂದು ಗೇಣು ಜಾರಿದ ಆ ಕ್ಷಣ ಕನಸಿನಲ್ಲಿ ಬಂದು ಎಬ್ಬಿಸುತ್ತದೆ. ಆ ಕೈ ಮೆಚ್ಚಿ ಹೊಗಳುವವರಿಗೆ ಈಗ ಬೋರ್ಡಿನ ಸಂಗತಿಯನ್ನೂ ಸೇರಿಸಿಯೇ ಹೇಳುತ್ತೇನೆ. ಕೆಲವರು ನಗುತ್ತಾರೆ. ನಗಲಿ.

ಇವತ್ತು ನನ್ನ ಬಳಿ ಇರುವುದು: ಮದ್ದೂರಿನಲ್ಲಿ ಒಂದು ಅಂಗಡಿ, ಎರಡು ರಿವೈಂಡಿಂಗ್ ಯಂತ್ರ, ಒಂದು ಹಳೆಯ ಸ್ಕೂಟರು, ಅಪ್ಪನ ಒಂದು ಬುಡ್ಡಿ ದೀಪ, ಗ್ಯಾಸು ಮುಗಿದ ಒಂದು ಕೆಂಪು ಲೈಟರು, ಇಂಗ್ಲಿಷಿನ ಇಪ್ಪತ್ತಾರು ದೊಡ್ಡ ಅಕ್ಷರ, ಹತ್ತೊಂಬತ್ತು ಸಣ್ಣ ಅಕ್ಷರ, ಮತ್ತು ಒಬ್ಬ ಬಾಮೈದ.